‘ಗಾಳಿಗಂಟೆ’ ಬಾರಿಸುವುದೋ, ನುಡಿಯುವುದೋ?

ಮಾನ್ಯರೇ,

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಜಗಲಿಯಲ್ಲಿ ತೂಗುಹಾಕಿರುವ ವಿಂಡ್ ಚೈಮಿನ ಸದ್ದನ್ನು ಕಳೆದ ಚಳಿಗಾಲದಿಂದ ಬಿಡುವಾದಾಗಲೆಲ್ಲ ಧ್ವನಿಮುದ್ರಿಸಿಕೊಳ್ಳುತ್ತ ಬಂದಿದ್ದೇನೆ. ಆ ಮುದ್ರಿಕೆಗಳಿಗೆ ಕನ್ನಡದಲ್ಲಿ ಒಂದೊಂದು ಹೆಸರನ್ನೂ ಎರಡೆರಡು ಸಾಲಿನ ವಿವರಣೆಯನ್ನೂ ಬರೆಯಲು ಕುಳಿತಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಹೆಸರಿನ ತೊಡಕು ಸಣ್ಣದು, ಕ್ರಿಯಾಪದದ್ದು ದೊಡ್ಡದು.

ಹೆಸರಿಗೆ ‘ಗಾಳಿಗಂಟೆ’, ‘ಗಾಳಿಗೆಜ್ಜೆ’ ಎಂಬ ಎರಡು ರೂಪಗಳನ್ನು ಕೇಳಿದ್ದೇನೆ. ಗೆಜ್ಜೆಯೆಂದರೆ ಒಳಗೆ ಹರಳೋ ಗುಂಡೋ ಇದ್ದು ಅಲುಗಿದಾಗ ಉಲಿಯುವಂಥದು. ನಮ್ಮ ಜಗಲಿಯಲ್ಲಿರುವುದು ಐದು ಅಲ್ಯುಮಿನಿಯಮ್ ಕೊಳವೆಗಳು, ಅವುಗಳ ನಡುವೆ ಒಂದು ಮರದ ಬಿಲ್ಲೆ, ಬಿಲ್ಲೆಯಿಂದ ಇಳಿಬಿಟ್ಟ ದಾರದ ತುದಿಗೆ ಅಂಗೈಯಗಲದ ಹಲಗೆ. ಗೆಜ್ಜೆಯ ಲಕ್ಷಣ ಅದಕ್ಕೆ ಸ್ವಲ್ಪವೂ ಇಲ್ಲ. ಗಂಟೆಗೆ ನಾಲಿಗೆ ಇರುವಂತೆ ಇದಕ್ಕೂ ಇದೆ, ಐದಕ್ಕೂ ಸೇರಿ ಒಂದೇ ನಾಲಿಗೆ ಎಂಬುದಷ್ಟೇ ವ್ಯತ್ಯಾಸ. ಆದ್ದರಿಂದ ‘ಗಾಳಿಗಂಟೆ’ಯೇ ಮೇಲೆಂದು ನನ್ನ ಅನಿಸಿಕೆ. ಈ ಪದವನ್ನು ‘ಗಾಳಿಯ ಹೊತ್ತು’ ಎಂದೂ ಓದಲು ಬರುತ್ತದೆಂದು ಒಬ್ಬರು ಆಕ್ಷೇಪಿಸಿದರು. ನಮ್ಮ ಕರಾವಳಿಯ ಮಟ್ಟಿಗೆ ಆ ಓದು ತಪ್ಪೇನೂ ಅಲ್ಲ: ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಏಳುತ್ತದೆ, ರಾತ್ರಿ ನೆಲ ತಣಿದ ಮೇಲೆ ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ, ಇವೆರಡರ ನಡುವಣ ಹೊತ್ತಿನಲ್ಲಿ ಕೊಳವೆಗಳು ಒಂದಿಷ್ಟೂ ಮಿಸುಕದೆ ನೇತಾಡಿಕೊಂಡಿರುತ್ತವೆ.

‘ಗಾಳಿ’ಯನ್ನು ಪೂರ್ವಪದವಾಗಿಸಿಕೊಂಡ ಸಮಾಸಗಳು ಒಂದೇ ಜಾತಿಯವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಗಾಳಿಪಟ ಗಾಳಿಯಲ್ಲಿ ಹಾರುತ್ತದೆ, ಗಾಳಿಯಂತ್ರ ಗಾಳಿಯಿಂದ ತಿರುಗುತ್ತದೆ, ಗಾಳಿಗೋಪುರಕ್ಕೂ ಗಾಳಿಮಾತಿಗೂ ಬುಡವಿಲ್ಲ. ಹಳ್ಳಿಯ ಹಿರಿಯರ ಬಾಯಲ್ಲಿ ಬರೀ ‘ಗಾಳಿ’ ಎಂದರೆ ಭೂತಚೇಷ್ಟೆಯೂ ಹೌದು. ಶಿರಸಿ ಕಡೆಯಿಂದ ಬಂದು ನಮ್ಮಲ್ಲಿ ನಾಲ್ಕು ದಿನ ಉಳಿದಿದ್ದ ಅಮ್ಮಮ್ಮ, ‘ಗಾಳಿಗಂಟೆ’ ಎಂಬ ಹೆಸರನ್ನು ಕೇಳಿದೊಡನೆ, ಗಾಳಿ ಬಿಡಿಸುವವರು ಆಡಿಸುವ ಗಂಟೆಯೋ ಎಂದು ವಿಚಾರಿಸಿದರು. ಮರುದಿನ ಬೆಳಿಗ್ಗೆ ಅವರು ಹೇಳಿದ ಮಾತು ಇದು: “ತಮಾ, ಅದು ರಾತ್ರಿಯಿಡೀ ತನ್ನಷ್ಟಕ್ಕೇ ಮಾತಾಡ್ತು.” ನನ್ನ ಮುಖ್ಯ ಪ್ರಶ್ನೆ ಹುಟ್ಟಿದ್ದು ಈ ‘ತನ್ನಷ್ಟಕ್ಕೇ’ ಎಂಬುದರಿಂದ.

ಕನ್ನಡದಲ್ಲಿ ಕೊಳಲನ್ನು ಊದುತ್ತೇವೆ, ತಂಬೂರಿಯನ್ನು ಮೀಟುತ್ತೇವೆ, ಚಂಡೆಯನ್ನು ಬಾರಿಸುತ್ತೇವೆ, ಜಾಗಟೆಯನ್ನು ಬಡಿಯುತ್ತೇವೆ. ಈ ಎಲ್ಲ ಕ್ರಿಯೆಗಳಿಗೂ ಕರ್ತೃವೊಬ್ಬ ಬೇಕು. ‘ಶಾಲೆಯ ಗಂಟೆ ಬಾರಿಸಿತು’ ಎಂದು ಮಕ್ಕಳು ಹೇಳುವಾಗ ಗಂಟೆಯೇ ಕರ್ತೃವಾಗುತ್ತದೆ. ಬಳಕೆ ಅದನ್ನು ಒಪ್ಪಿಕೊಂಡಿದ್ದರೂ ಹಗ್ಗ ಎಳೆದವನೊಬ್ಬ ಆ ವಾಕ್ಯದ ಹಿಂದೆ ಇದ್ದೇ ಇದ್ದಾನೆ. ‘ನುಡಿ’ ಮತ್ತು ‘ನುಡಿಸು’ ಎಂಬ ಜೋಡಿ ಮಾತ್ರ ಎರಡೂ ಕಡೆಗೆ ಒದಗುತ್ತದೆ: ವೀಣೆ ನುಡಿಯಿತು, ವೀಣೆಯನ್ನು ನುಡಿಸಿದರು. ಹಾಗಾದರೆ ಮುದ್ರಿಕೆಯ ವಿವರಣೆಯಲ್ಲಿ ನಾನು ‘ಗಾಳಿಗಂಟೆ ನುಡಿಯುತ್ತಿದೆ’ ಎಂದು ಬರೆಯಬೇಕೋ, ‘ಗಾಳಿ ಗಂಟೆಯನ್ನು ನುಡಿಸುತ್ತಿದೆ’ ಎಂದು ಬರೆಯಬೇಕೋ?

ಇದು ಕೂದಲು ಸೀಳುವ ಚರ್ಚೆಯಲ್ಲ ಎಂಬುದು ನನಗೆ ಮನವರಿಕೆಯಾದದ್ದು ಕೆಟ್ಟುಹೋದ ಒಂದು ಮುದ್ರಿಕೆಯಿಂದ. ಒಂದು ಮಧ್ಯಾಹ್ನದ ಮುದ್ರಿಕೆಯನ್ನು ರಾತ್ರಿ ಹೆಡ್‌ಫೋನಿನಲ್ಲಿ ಕೇಳಿದಾಗ ಕೊಳವೆಗಳ ಕಿಣಿಕಿಣಿಯ ಹಿಂದೆ ಎರಡು ಬಗೆಯ ಬೇಡದ ಸದ್ದುಗಳಿದ್ದವು. ಒಂದು, ಗಾಳಿ ನೇರವಾಗಿ ಮೈಕಿಗೆ ಬಡಿದು ಉಂಟಾಗುವ ಗುಡುಗುಡು. ಗಂಟೆಯನ್ನು ಅಲುಗಿಸುವ ಗಾಳಿಯೇ ಮುದ್ರಣವನ್ನು ಕೆಡಿಸುವ ವೈರಿಯೂ ಆಗಿರುವುದು ಈ ಹವ್ಯಾಸದ ಮೊದಲ ಪಾಠ. ಮೈಕಿಗೆ ರೋಮದ ಹೊದಿಕೆ ಹಾಕಿ, ಅದನ್ನು ಕಂಬದ ಮರೆಗೆ ಸರಿಸಿ, ತಗ್ಗಿನ ಕಂಪನಗಳನ್ನು ಸೋಸಿ ಇದನ್ನು ಬಹುಮಟ್ಟಿಗೆ ಇಳಿಸಬಹುದು. ಇನ್ನೊಂದು, ಏರುತ್ತ ಇಳಿಯುತ್ತ ಸಾಗುವ ತೆಳುವಾದ ಗುಂಯ್‌ಗುಡುವಿಕೆ. ಮೂರು ದಿನ ಹುಡುಕಿದ ಮೇಲೆ ಅದು ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯದೆಂದು ತಿಳಿಯಿತು.

ತಂತಿಯ ಈ ಸದ್ದಿನ ಲೆಕ್ಕವನ್ನು ಸ್ಟ್ರೌಹಾಲ್ ಎಂಬ ವಿಜ್ಞಾನಿ 1878ರಲ್ಲೇ ಕೊಟ್ಟಿದ್ದಾನೆ. ತಂತಿಯನ್ನು ಹಾದುಹೋಗುವ ಗಾಳಿ ಅದರ ಬೆನ್ನಿಗೆ ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಸುಳಿಗಳನ್ನು ಕಳಚುತ್ತ ಸಾಗುತ್ತದೆ. ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ ಸುಮಾರು 0.2ರಿಂದ ಗುಣಿಸಿದರೆ ಕಂಪನದ ಸಂಖ್ಯೆ ಸಿಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ 2 ಮಿಲಿಮೀಟರ್ ತಂತಿಯನ್ನು ದಾಟಿದರೆ ಸುಮಾರು 500 ಹರ್ಟ್ಸ್. ಕಡಲದಂಡೆಯ ಗಾಳಿಮರ ಸುಯ್ಯೆನ್ನುವುದೂ ಇದೇ ಬಗೆಯಲ್ಲಿ. ಅದರ ಎಳೆಗಳು ಇನ್ನೂ ತೆಳುವಾಗಿರುವುದರಿಂದ ಸದ್ದು ಇನ್ನೂ ಮೇಲಿನದು.

ಗಾಳಿಗಂಟೆಯಲ್ಲಿ ನಡೆಯುವ ಕೆಲಸವೇ ಬೇರೆ. ಅಲ್ಲಿ ಗಾಳಿ ಕೆಳಗಿನ ಹಲಗೆಯನ್ನು ದೂಡುತ್ತದೆ, ಹಲಗೆ ಬಿಲ್ಲೆಯನ್ನು ಎಳೆಯುತ್ತದೆ, ಬಿಲ್ಲೆ ಕೊಳವೆಗೆ ತಾಗುತ್ತದೆ. ನಾದ ಹೊರಡುವುದು ಲೋಹದ ಕಂಪನದಿಂದ. ಒಂದೇ ದಪ್ಪದ ಕೊಳವೆಯ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಕಂಪನಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಕೊಳವೆಯನ್ನು ತುದಿಯಿಂದ ಅದರ ಉದ್ದದ ಶೇಕಡಾ 22.4ರಷ್ಟು ಕೆಳಗೆ ತೂತು ಕೊರೆದು ತೂಗುಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಏಕೆಂದರೆ ಮೂಲಕಂಪನದಲ್ಲಿ ಆ ಜಾಗ ಅಲುಗುವುದಿಲ್ಲ. ಇದನ್ನೆಲ್ಲ ಗೊತ್ತುಮಾಡುವವನು ಕೊಳವೆ ಕೊಯ್ದ ಮನುಷ್ಯ. ಯಾವ ಸ್ವರಗಳಿರಬೇಕೆಂಬುದು ಅವನ ಆಯ್ಕೆ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ಮೌನ ಎಂಬುದು ಮಾತ್ರ ಗಾಳಿಯದು.

ಹೀಗಿರುವಾಗ ಇಂಥ ಮುದ್ರಿಕೆಯನ್ನು ‘ಪ್ರಕೃತಿಯ ಸಂಗೀತ’ ಎಂದು ಕರೆಯುವುದು ಎಷ್ಟರಮಟ್ಟಿಗೆ ಸರಿ? ಗೀತ, ವಾದ್ಯ, ನೃತ್ಯ ಮೂರೂ ಸೇರಿದ್ದೇ ಸಂಗೀತವೆಂದು ಶಾರ್ಙ್ಗದೇವನ ಸಂಗೀತರತ್ನಾಕರ ಹೇಳುತ್ತದೆ. ನಾದವನ್ನು ಆಹತ, ಅನಾಹತ ಎಂದು ಎರಡಾಗಿಯೂ ಅದು ವಿಂಗಡಿಸುತ್ತದೆ. ಗಾಳಿಗಂಟೆಯದು ನಿಸ್ಸಂದೇಹವಾಗಿ ಆಹತನಾದ, ಬಡಿತವಿಲ್ಲದೆ ಅದಿಲ್ಲ. ಸಂಗೀತವೆಂಬ ಮಾತನ್ನು ನಾನು ಇಲ್ಲಿ ಬಳಸಲಾರೆ. ‘ಗಾಳಿ ನುಡಿಸಿದ ನಾದ’ ಎಂದರೆ ಗಾಳಿಗೆ ಸಲ್ಲಬೇಕಾದದ್ದೂ ಲೋಹಕ್ಕೆ ಸಲ್ಲಬೇಕಾದದ್ದೂ ಸಂದಂತಾಗುತ್ತದೆ ಎಂದು ನನ್ನ ಸದ್ಯದ ನಿಲುವು. ‘ಪ್ರಕೃತಿಯ’ ಎಂಬ ವಿಶೇಷಣವನ್ನು ಗಾಳಿಮರದ ಮುದ್ರಿಕೆಗಷ್ಟೇ ಮೀಸಲಿಟ್ಟಿದ್ದೇನೆ. ಬಟ್ಟೆಯ ತಂತಿಯನ್ನು ಎತ್ತ ಸೇರಿಸಬೇಕೆಂದು ತೋಚದೆ ಅದನ್ನು ಹೆಸರಿಲ್ಲದೆಯೇ ಬಿಟ್ಟಿದ್ದೇನೆ.

ಗಾಳಿ ತಾನೇ ಒಳಹೊಕ್ಕು ನುಡಿಯುವ ವಸ್ತುವಿಗೆ ಸಂಸ್ಕೃತದಲ್ಲಿ ಸೊಗಸಾದ ಪದವೊಂದಿದೆ. ‘ವೇಣವಃ ಕೀಚಕಾಸ್ತೇ ಸ್ಯುರ್ಯೇ ಸ್ವನಂತ್ಯನಿಲೋದ್ಧತಾಃ’ ಎನ್ನುತ್ತದೆ ಅಮರಕೋಶ. ಗಾಳಿಗೆ ಸಿಕ್ಕಿ ದನಿಗೈಯುವ ಬಿದಿರು ಕೀಚಕ. ಶಿರಸಿಯ ಕಡೆ ಹಳ್ಳದ ಬದಿಯ ಬಿದಿರುಮೆಳೆಯೊಂದರಲ್ಲಿ ಹುಳು ಕೊರೆದ ತೂತಿನಿಂದ ಇಂಥದೇ ದನಿ ಹೊರಡುವುದನ್ನು ಮುದ್ರಿಸಿಕೊಂಡು, ಉತ್ಸಾಹದಿಂದ ಅದಕ್ಕೆ ‘ಕೀಚಕ’ ಎಂದೇ ಹೆಸರಿಟ್ಟು ಹೊನ್ನಾವರದ ಸ್ನೇಹಿತರೊಬ್ಬರಿಗೆ ಕಳಿಸಿದೆ. ಅದನ್ನು ತೆರೆದು ಕೇಳುವ ಮೊದಲೇ ಅವರಿಂದ ಪ್ರಶ್ನೆ ಬಂತು: “ಯಾವ ಮೇಳದ್ದು? ಭಾಗವತಿಕೆ ಯಾರದು?” ಯಕ್ಷಗಾನದ ಊರಿನಲ್ಲಿ ಈ ಪದ ಬಿದಿರಿನ ಅರ್ಥಕ್ಕೆ ಮರಳಿ ಬರುವುದು ಕಷ್ಟವೆಂದು ತೋರುತ್ತದೆ. ಆದರೂ ಬೇರೆ ಸಂದರ್ಭದಲ್ಲಿ ಕನ್ನಡದ ಗದ್ಯದಲ್ಲಿ ಯಾರಾದರೂ ಇದನ್ನು ಆ ಅರ್ಥದಲ್ಲಿ ಬಳಸಿದ್ದನ್ನು ಕಂಡಿದ್ದರೆ ದಯವಿಟ್ಟು ತಿಳಿಸಬೇಕು.

ಕೊನೆಯದಾಗಿ ಒಂದು ಚಿಕ್ಕ ಪ್ರಶ್ನೆ. ನಡುವಿನ ಬಿಲ್ಲೆಗೆ ‘ನಾಲಿಗೆ’ ಎಂಬುದು ನಿಶ್ಚಯವಾಯಿತು. ಗಾಳಿಯನ್ನು ಹಿಡಿಯುವ ಕೆಳಗಿನ ಹಲಗೆಗೆ, ದೋಣಿಯದನ್ನು ನೆನೆದು, ‘ಹಾಯಿ’ ಎಂದು ಬರೆದಿದ್ದೇನೆ. ಮನೆಗೆ ಮೀನು ತರುವವರು ಅದನ್ನು ಒಮ್ಮೆ ನೋಡಿ, ಹಾಯಿ ದೋಣಿಯನ್ನು ಎಳೆದುಕೊಂಡು ಹೋಗುತ್ತದೆ, ಇದು ಇದ್ದಲ್ಲೇ ಒದ್ದಾಡುತ್ತದಲ್ಲ ಎಂದರು. ಅವರ ಆಕ್ಷೇಪ ನ್ಯಾಯವಾದದ್ದು. ಇದಕ್ಕಿಂತ ಒಪ್ಪುವ ಪದ ಯಾರ ಬಳಿಯಾದರೂ ಇದೆಯೇ?