ಬೆಥೆಸ್ಡಾ 3 ಬಂದಿದೆ, ಇದು ಮೂರನೇ ಸ್ಟೇಜಾ?

ನಾಪೋಕ್ಲು: ಡಾಕ್ಟ್ರೇ, ಅಮ್ಮನಿಗೆ 58. ಥೈರಾಯ್ಡ್‌ನಲ್ಲಿ 2.8 ಸೆಂ.ಮೀ. ಗಂಟು. ಎಫ್‌ಎನ್‌ಎಸಿಯಲ್ಲಿ (ಸೂಜಿ ಹಾಕಿ ಕೋಶ ತೆಗೆದು ನೋಡುವ ಪರೀಕ್ಷೆ) ಬೆಥೆಸ್ಡಾ 3 ಅಂತ ಬಂದಿದೆ. ಮೂರನೇ ಸ್ಟೇಜ್ ಕ್ಯಾನ್ಸರಾ? ಕಾಫಿ ಕೊಯ್ಲು ಮುಗಿಸಿ ಮೈಸೂರಿಗೆ ಹೋದರೆ ಸಾಕಾ? ಒಂದು ತಿಂಗಳಿಂದ ಸ್ವರವೂ ಒಡೆದಿದೆ, ಚಳಿಗೆ ಇರಬೇಕು.

ಡಾಕ್ಟರ್: ಬೆಥೆಸ್ಡಾ ಅಂದರೆ ಸ್ಟೇಜ್ ಅಲ್ಲವೇ ಅಲ್ಲ. ಸೂಜಿಯಲ್ಲಿ ಬಂದ ಕೋಶಗಳನ್ನು ನೋಡಿ 1ರಿಂದ 6ರವರೆಗೆ ಗುಂಪು ಮಾಡುತ್ತಾರೆ. 2 ಅಂದರೆ ಅಪಾಯವಿಲ್ಲದ ಗಂಟು, 6 ಅಂದರೆ ಕ್ಯಾನ್ಸರ್. 3ರಲ್ಲಿ ಕೋಶ ಪೂರ್ತಿ ಸರಿ ಇಲ್ಲ, ಕ್ಯಾನ್ಸರ್ ಅನ್ನುವಷ್ಟು ಕೆಟ್ಟೂ ಇಲ್ಲ. ಬೆಥೆಸ್ಡಾ ಪದ್ಧತಿಯ 2023ರ ಆವೃತ್ತಿಯಲ್ಲಿ ಇದಕ್ಕೆ ಕ್ಯಾನ್ಸರ್ ಸಂಭವ ಸರಾಸರಿ ಶೇ. 22 ಅಂತಿದೆ. ಆ ಲೆಕ್ಕ ಹೆಚ್ಚಾಗಿ ಆಪರೇಷನ್ ಆದವರದು, ಅಂದರೆ ಮೊದಲೇ ಅನುಮಾನ ಜಾಸ್ತಿ ಇದ್ದವರದು. ಅದನ್ನು ಸುಮ್ನೆ ಅಮ್ಮನಿಗೆ ಅಂಟಿಸಬೇಡಿ. ಸ್ಕ್ಯಾನಿನಲ್ಲಿ ಗಂಟು ಕಪ್ಪಗಿದೆಯಾ, ಅಂಚು ಒರಟಾ, ಅಗಲಕ್ಕಿಂತ ಎತ್ತರ ಜಾಸ್ತಿಯಾ, ಸುಣ್ಣದ ಸಣ್ಣ ಚುಕ್ಕೆ ಇವೆಯಾ? ಇವು ಇಲ್ಲದಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ಸೂಜಿ ಹಾಕುತ್ತೇವೆ. ಇದ್ದರೆ ಅರ್ಧ ಗ್ರಂಥಿ ತೆಗೆಯುವ ಮಾತು ಬರುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಎಷ್ಟು?

ನನಗೆ ಚಿಂತೆಯಾಗಿದ್ದು ನೀವು ಕೊನೆಗೆ ಬರೆದ ಸ್ವರದ ವಿಷಯ. ಸ್ವರದ ನರ ಥೈರಾಯ್ಡ್ ಹಿಂದೆಯೇ ಹೋಗುತ್ತದೆ. ಚಳಿಯೇ ಇರಬಹುದು, ಆದರೂ ತಿಂಗಳಾಗಿದೆ ಅಲ್ವಾ? ಕೊಯ್ಲು ಕಾಯಲಿ. ಈ ವಾರವೇ ಮಡಿಕೇರಿಯಲ್ಲಿ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಸಿದ್ದಾಪುರ: ನನಗೂ 3. ಆಪರೇಷನ್ ಬೇಕಾ?

ಡಾಕ್ಟರ್: ಮೇಲೆ ಬರೆದಿದ್ದೇನೆ, ಓದಿ.

ವಿರಾಜಪೇಟೆ: ನನಗೆ 4, ಫಾಲಿಕ್ಯುಲರ್ ಅಂತೆ. ಮತ್ತೆ ಸೂಜಿ ಹಾಕಿದರೆ ಗೊತ್ತಾಗಲ್ವಾ?

ಡಾಕ್ಟರ್: ಸೂಜಿಗೆ ಕೋಶ ಮಾತ್ರ ಸಿಗುತ್ತದೆ. ಫಾಲಿಕ್ಯುಲರ್ ಗಂಟು ಕ್ಯಾನ್ಸರಾ ಅಂತ ಹೇಳಲು ಕೋಶಗಳು ಗಂಟಿನ ಹೊದಿಕೆ ಒಡೆದು ಹೊರಗೆ ಹೋಗಿವೆಯಾ ಅಂತ ನೋಡಬೇಕು, ಅದು ಗಂಟು ತೆಗೆದು ನೋಡಿದರೇ ತಿಳಿಯುವುದು.

ಗೋಣಿಕೊಪ್ಪ: ಕೊತ್ತಂಬರಿ ನೀರು 40 ದಿನ ಕುಡಿದರೆ ಗಂಟು ಕರಗುತ್ತದೆ. ಫಾರ್ವರ್ಡ್ ಮಾಡಿದ್ದೇನೆ, ಎಲ್ಲರೂ ನೋಡಿ.

ಡಾಕ್ಟರ್: ಕರಗುವುದಿಲ್ಲ. ಆ 40 ದಿನ ನಷ್ಟ. ದಯವಿಟ್ಟು ಅದನ್ನು ಅಳಿಸಿ.

ಕುಶಾಲನಗರ: ಸೂಜಿ ಚುಚ್ಚಿದ ಮೇಲೇ ಹರಡುವುದು. ನಮ್ಮ ಅತ್ತೆಗೆ ಹಾಗೇ ಆಯಿತು.

ಸೋಮವಾರಪೇಟೆ: ಅಣ್ಣಾ, ಅವರಿಗೆ ಮೊದಲೇ ಹರಡಿತ್ತು ಅಂತ ನೀವೇ ಹೋದ ತಿಂಗಳು ಬರೆದಿದ್ದಿರಿ.

ಕುಶಾಲನಗರ: ನಮ್ಮ ಮನೆ ವಿಷಯ ನಿಮಗೆ ಜಾಸ್ತಿ ಗೊತ್ತಾ?

ಸೋಮವಾರಪೇಟೆ: ಹೆದರಿಸಬೇಡಿ ಅಂದೆ, ಅಷ್ಟೇ. ನಿಮ್ಮ ಮಾತು ಕೇಳಿ ಯಾರಾದರೂ ಟೆಸ್ಟ್ ಬಿಟ್ಟರೆ?

ಗೋಣಿಕೊಪ್ಪ: ಕೊತ್ತಂಬರಿಯಿಂದ ಏನೂ ನಷ್ಟ ಇಲ್ಲ, ಡಾಕ್ಟ್ರಿಗೆ ಹೇಳಿದರೆ ಸಿಟ್ಟು.

ಡಾಕ್ಟರ್: ಹೌದು, ಸಿಟ್ಟೇ. ಥೈರಾಯ್ಡ್‌ಗೆ ಹಾಕುವ ಸೂಜಿಯಿಂದ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಜಗಳ ಬೇರೆ ಕಡೆ ಆಡಿ. ನಾಪೋಕ್ಲುವಿನವರು ಉತ್ತರ ಕೊಡಿ.

ನಾಪೋಕ್ಲು: ಟಿಎಸ್‌ಎಚ್ 2.1. ನಾಳೆ ಬೆಳಿಗ್ಗೆ ಮಡಿಕೇರಿಗೆ ಹೊರಟಿದ್ದೇವೆ.

ಡಾಕ್ಟರ್: ಟಿಎಸ್‌ಎಚ್ ಸರಿ ಇದೆ. ಲ್ಯಾಬಿನಿಂದ ಸ್ಲೈಡ್‌ಗಳನ್ನೂ (ಕೋಶ ಹಚ್ಚಿದ ಗಾಜು) ಕೇಳಿ ಇಟ್ಟುಕೊಳ್ಳಿ, ಇನ್ನೊಬ್ಬ ಪೆಥಾಲಜಿಸ್ಟ್ ನೋಡಲಿ. ಇಎನ್‌ಟಿಯವರು ಏನಂದರು ಅಂತ ನಾಳೆಯೇ ಬರೆಯಿರಿ.