ಕಾಫಿ ಚರಟದಿಂದ ಎಣ್ಣೆ ಬದಲು ಅಂಟು ಬರ್ತಿದೆ, ಏನು ಮಾಡಲಿ?

ಪ್ರಶ್ನೆ (ಚಿಕ್ಕಮಗಳೂರು)
ಸೋಪಿಗೆ ಹಾಕಲು ಕಾಫಿ ಚರಟದಿಂದ ಎಣ್ಣೆ ತೆಗೆಯಲು ನೋಡುತ್ತಿದ್ದೇನೆ. ಚರಟ ಹೋಟೆಲಿನದು. ನೆರಳಲ್ಲಿ ಆರಿಸಿ, ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಹೊರಗೆ ಆರಲು ಬಿಡುತ್ತೇನೆ. ತಳದಲ್ಲಿ ಉಳಿಯುವುದು ಜೋನಿ ಬೆಲ್ಲದಂಥ ಕಪ್ಪು ಅಂಟು. 100 ಗ್ರಾಂ ಒಣ ಚರಟದಲ್ಲಿ 10-15 ಗ್ರಾಂ ಎಣ್ಣೆ ಇರುತ್ತದಂತೆ, ಅದೆಲ್ಲ ಎಲ್ಲಿ ಹೋಯಿತು?

ಉತ್ತರ (ಸಕಲೇಶಪುರ)
ಎಲ್ಲೂ ಹೋಗಿಲ್ಲ, ಚರಟದಲ್ಲೇ ಇದೆ. ಆ ಅಂಟನ್ನು ಸ್ವಲ್ಪ ಬಿಸಿನೀರಿಗೆ ಹಾಕಿ ನೋಡಿ. ಪೂರ್ತಿ ಕರಗಿದರೆ ಅದು ಎಣ್ಣೆಯಲ್ಲ, ಚಿಕೋರಿಯ ಸಕ್ಕರೆ ಅಂಶ. ಹೋಟೆಲ್ ಪುಡಿಯಲ್ಲಿ ಚಿಕೋರಿ ಜಾಸ್ತಿ ಇರುತ್ತದೆ ಅಲ್ವಾ? ಅದರಲ್ಲಿ ಎಣ್ಣೆ ತೀರಾ ಕಮ್ಮಿ. ಆ ಸಕ್ಕರೆ ಅಂಶ ಬಹುಪಾಲು ಡಿಕಾಕ್ಷನ್ನಿಗೆ ಇಳಿದು ಹೋಗುತ್ತದೆ, ಆದರೆ ಒದ್ದೆ ಚರಟ ಹಿಡಿದುಕೊಂಡ ಡಿಕಾಕ್ಷನ್ ಅಲ್ಲೇ ಒಣಗಿ ಕೂರುತ್ತದೆ. ಹಾಗಾಗಿ ಮೊದಲು ಚರಟವನ್ನು ಬಿಸಿನೀರಲ್ಲಿ ತೊಳೆದು ಹಿಂಡಿ. ಬಣ್ಣ ತಿಳಿಯಾಗುವವರೆಗೂ ತೊಳೆಯಿರಿ. ಎಣ್ಣೆ ನೀರಿಗೆ ಬರುವುದಿಲ್ಲ, ಹೆದರಬೇಡಿ.

ಆಮೇಲೆ ತೇವ. ನಮ್ಮ ಮಲೆನಾಡಿನ ಹವೆಯಲ್ಲಿ ನೆರಳು ಸಾಲದು, ಬೂಸ್ಟು ಬೇರೆ ಹಿಡಿಯುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್ನಿನಲ್ಲಿ 100 ಡಿಗ್ರಿಯಲ್ಲಿ ಇಡಿ. ನಡುವೆ ತೂಕ ಮಾಡಿ. ತೂಕ ಇಳಿಯುವುದು ನಿಂತಾಗಲೇ ಒಣಗಿದ್ದು. ಬಾಟಲಿ ಮೇಲೆ 70% ಅಂತ ಇದೆಯಾ? ಉಳಿದದ್ದು ನೀರು. ನೀರಿದ್ದಷ್ಟೂ ಎಣ್ಣೆ ಬಿಟ್ಟು ಸಕ್ಕರೆ, ಬಣ್ಣವೇ ಇಳಿಯುತ್ತದೆ. 99% ಇರುವುದನ್ನೇ ತನ್ನಿ. ಮುಚ್ಚಿದ ಪಾತ್ರೆಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ನೆನೆಸಿ, ಬೆಂಕಿಯ ಹತ್ತಿರ ಮಾತ್ರ ಬೇಡ. ಇದರ ಆವಿ 12 ಡಿಗ್ರಿಗೇ ಹೊತ್ತಿಕೊಳ್ಳಬಲ್ಲದು. ಗ್ಯಾಸ್ ಒಲೆ ಇರುವ ಅಡುಗೆಮನೆಯಲ್ಲಿ ದಯವಿಟ್ಟು ಮಾಡಬೇಡಿ.

ಪ್ರಶ್ನೆ ಕೇಳಿದವರು
ಬಾಟಲಿ 70% ನದೇ. ಅಂಟೂ ನೀರಲ್ಲಿ ಕರಗಿತು! ತೊಳೆದು, ಒಣಗಿಸಿ, 99% ತಂದು ಮಾಡಿದೆ. ಈ ಸಲ ಹಸಿರು ಮಿಶ್ರಿತ ಕಂದು ಎಣ್ಣೆ ಬಂತು, ಕಾಗದದ ಮೇಲೆ ಜಿಡ್ಡಿನ ಕಲೆ ನಿಲ್ಲುತ್ತಿದೆ. ಕಾಸ್ಟಿಕ್ ಸೋಡಾ ತೆಂಗಿನೆಣ್ಣೆ ಲೆಕ್ಕದಲ್ಲೇ ಹಾಕಲಾ?

ಉತ್ತರ (ಸಕಲೇಶಪುರ)
ಖಂಡಿತ ಬೇಡ. ತೆಂಗಿನೆಣ್ಣೆಗೆ ಕಾಸ್ಟಿಕ್ ಜಾಸ್ತಿ ಬೇಕು. ಆ ಲೆಕ್ಕ ಹಿಡಿದರೆ ಸೋಪಿನಲ್ಲಿ ಕಾಸ್ಟಿಕ್ ಉಳಿದು ಚರ್ಮ ಸುಡುತ್ತದೆ. ಕಾಫಿ ಎಣ್ಣೆಯಲ್ಲಿ ಸೋಪಾಗದ ಅಂಶವೂ ಇದೆ. ಕಾಸ್ಟಿಕ್ಕನ್ನು ತೆಂಗಿನೆಣ್ಣೆಗೆ ಮಾತ್ರ ಲೆಕ್ಕ ಹಾಕಿ, ಕಾಫಿ ಎಣ್ಣೆಯನ್ನು ಕೊನೆಯಲ್ಲಿ ಸ್ವಲ್ಪ ಸೇರಿಸಿ.

ಎಣ್ಣೆ ತೆಗೆದ ಚರಟ ಎಸೆಯಬೇಡಿ. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಸಗಣಿ, ತರಗೆಲೆ ಜೊತೆ ಗೊಬ್ಬರದ ಗುಂಡಿಗೆ ಹಾಕಿ. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2023ರಲ್ಲಿ ಚರಟವನ್ನು 350 ಡಿಗ್ರಿಯಲ್ಲಿ ಗಾಳಿಯಿಲ್ಲದೆ ಇದ್ದಿಲು ಮಾಡಿ, ಕಾಂಕ್ರೀಟಿನ ಮರಳಿನ 15% ಬದಲು ಹಾಕಿ ಸುಮಾರು 30% ಹೆಚ್ಚು ಗಟ್ಟಿ ಮಾಡಿದ್ದಾರೆ. ನಿಮ್ಮ ಬಳಿ ಇದ್ದಿಲು ಮಾಡುವ ಡ್ರಮ್ ಇದ್ದರೆ ಹೇಳಿ, ಅದರ ಬಗ್ಗೆಯೂ ಬರೆಯುತ್ತೇನೆ.