ಬ್ರಷ್ ಬಾಯಲ್ಲಿಟ್ಕೊಂಡು ಬಿದ್ದ, ರಕ್ತ ನಿಂತಿದೆ. ಆಸ್ಪತ್ರೆಗೆ ಹೋಗ್ಬೇಕಾ?

ಹಾಸನದ ಅಮ್ಮ:
ಮಗನಿಗೆ ಎರಡೂವರೆ ವರ್ಷ. ಬೆಳಗ್ಗೆ ಬ್ರಷ್ ಕಚ್ಚಿಕೊಂಡೇ ಬಚ್ಚಲಿಂದ ಓಡಿಬಂದವನು ಹೊಸ್ತಿಲು ಎಡವಿ ಮುಗ್ಗರಿಸಿದ. ಅರ್ಧ ಟವೆಲ್ ಕೆಂಪಾಯ್ತು, ಹತ್ತು ನಿಮಿಷಕ್ಕೆ ನಿಂತೂಬಿಡ್ತು. ಟಾರ್ಚ್ ಬಿಟ್ಟು ನೋಡಿದ್ರೆ ಕಿರುನಾಲಿಗೆಯ ಎಡಕ್ಕೆ, ಟಾನ್ಸಿಲ್ ಪಕ್ಕ, ಅಕ್ಕಿಕಾಳಿನಷ್ಟು ಗಾಯ. ಆಟ ಆಡ್ತಿದ್ದಾನೆ, ಆದ್ರೆ ಜೊಲ್ಲು ನುಂಗ್ತಿಲ್ಲ. ಅತ್ತೆ ಅರಿಶಿನ ಹಚ್ಚೋಣ ಅಂತಿದ್ದಾರೆ.

ಶಿವಮೊಗ್ಗದಿಂದ:
ನಮ್ಮ ಮಗಳಿಗೆ ಪೆನ್ಸಿಲ್ ಚುಚ್ಚಿತ್ತು. ಡಾಕ್ಟ್ರು ನೋಡಿ ಹೊಲಿಗೆ ಬೇಡ ಅಂದ್ರು, ವಾರದಲ್ಲಿ ಮಾಯ್ತು. ಗಾಬರಿ ಬೇಡ ಅಮ್ಮ, ಆದ್ರೆ ತೋರಿಸಿಬಿಡಿ.

ಇಎನ್‌ಟಿ ವಾರ್ಡ್ ನರ್ಸ್:
ಅಮ್ಮಾ, ಈಗಲೇ ಹೊರಡಿ. ಜೊಲ್ಲು ನುಂಗ್ತಿಲ್ಲ ಅಂದ್ರಲ್ಲ, ಅದೊಂದೇ ಸಾಕು. ಅರಿಶಿನ ಬೇಡ, ಬೆರಳು ಹಾಕಬೇಡಿ, ಡಾಕ್ಟ್ರು ನೋಡೋ ತನಕ ತಿನ್ನೋಕೆ ಕುಡಿಯೋಕೆ ಏನೂ ಬೇಡ.

ಇಂಥ ಗಾಯ ಹೆಚ್ಚಿನವು ತಾವಾಗೇ ಮಾಯುತ್ತವೆ, ನಿಜ. ನನಗೆ ಭಯ ಗಾಯದ ಜಾಗದ್ದು. ಟಾನ್ಸಿಲ್ ಹಿಂದೆಯೇ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ ಇದೆ. ಬ್ರಷ್ ಅದನ್ನು ಜಜ್ಜಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು. ತುಂಬ ಅಪರೂಪ, ಆದ್ರೆ ಮಗು ಒಂದೆರಡು ದಿನ ಚೆನ್ನಾಗೇ ಇದ್ದು ಆಮೇಲೆ ಕೈಕಾಲು ಸ್ವಾಧೀನ ತಪ್ಪಿದ ಉದಾಹರಣೆಗಳಿವೆ. ಡಾಕ್ಟ್ರಿಗೆ ಅನುಮಾನ ಬಂದ್ರೆ ಸಿಟಿ ಆಂಜಿಯೋ (ರಕ್ತನಾಳ ನೋಡೋ ಸ್ಕ್ಯಾನ್) ಮಾಡಿಸ್ತಾರೆ.

ಆ ಬ್ರಷ್ಷನ್ನೂ ಒಯ್ಯಿರಿ. ತುದಿ ಮುರಿದಿದೆಯಾ ನೋಡಿ. 1999ರಲ್ಲಿ ಟೋಕಿಯೋದಲ್ಲಿ ಬಾಂಬೆ ಮಿಠಾಯಿಯ ಕಡ್ಡಿ ಬಾಯಲ್ಲಿಟ್ಕೊಂಡು ಬಿದ್ದ 4 ವರ್ಷದ ಹುಡುಗನನ್ನು ಸಣ್ಣ ಗಾಯ ಅಂತ ಮನೆಗೆ ಕಳಿಸಿದ್ರು, ಮರುದಿನ ತೀರಿಕೊಂಡ. ಕಡ್ಡಿಯ ತುಂಡು ತಲೆಯೊಳಗೇ ಉಳಿದಿತ್ತು. ಯಾವುದಾದ್ರೂ ವಸ್ತು ಚುಚ್ಚಿಕೊಂಡೇ ಇದ್ರೆ ಮನೆಯಲ್ಲಿ ಕೀಳಲೇಬಾರದು, ಹಾಗೇ ಹಿಡಿದು ಕರೆತರಬೇಕು.

ಮನೆಗೆ ಕಳಿಸಿದ್ರೂ ಮೂರ್ನಾಲ್ಕು ದಿನ ಕಣ್ಣಿಟ್ಟಿರಿ: ಜ್ವರ, ಕುತ್ತಿಗೆ ಊತ, ಚರ್ಮ ಒತ್ತಿದ್ರೆ ಕರಕರ ಅನ್ನೋದು (ಒಳಗೆ ಗಾಳಿ ಸೇರಿರುತ್ತೆ), ವಾಂತಿ, ಎಬ್ಬಿಸಿದ್ರೂ ಏಳದ ನಿದ್ದೆ, ಬಾಯಿ ಸೊಟ್ಟಗಾಗೋದು. ಒಂದು ಕಂಡರೂ ರಾತ್ರಿ ಅಂತ ನೋಡದೆ ಬನ್ನಿ.

ಹಾಸನದ ಅಮ್ಮ:
ಅಕ್ಕಾ, ಹೋಗಿದ್ವಿ. ಬ್ರಷ್ ಪೂರ್ತಿ ಇತ್ತು. ಸ್ಕ್ಯಾನಲ್ಲಿ ನಾಳಕ್ಕೆ ಏನೂ ಆಗಿಲ್ಲ. ಆದ್ರೂ ಒಂದು ರಾತ್ರಿ ಇಟ್ಕೊಂಡ್ರು, ಎರಡೆರಡು ಗಂಟೆಗೆ ಎಬ್ಬಿಸಿ ಕೈ ಹಿಸುಕು ಅಂತಿದ್ರು. ಇವತ್ತು ಆರಿದ ರಾಗಿ ಗಂಜಿ ನಾಲ್ಕು ಚಮಚ ನುಂಗಿದ. ಅತ್ತೆಯವರೇ ಈಗ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿದ್ದಾರೆ, ಕೂತೇ ಹಲ್ಲುಜ್ಜಬೇಕಂತೆ. ನಾಳೆ ಮತ್ತೆ ತೋರಿಸೋಕೆ ಹೋಗ್ತೀವಿ.